ಅರಿವಳಿಕೆಯ ಅನಿಲವೂ ಅನರ್ಥದಂಡವ್ರತವೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಜೈನ ಸಮಾಜವು ಹಿಂದಿನಿಂದಲೂ ವಿಶೇಷ ಮನ್ನಣೆ ನೀಡುತ್ತ ಬಂದಿದೆ. ಬಸದಿಗಳ ಆಡಳಿತ ಮಂಡಳಿಗಳು ಚಿಕಿತ್ಸಾಲಯಗಳಿಗೆ ನೆರವಾಗುತ್ತವೆ. ಹಿರಿಯರ ಸ್ಮರಣಾರ್ಥವಾಗಿ ಕುಟುಂಬಗಳು ಆಸ್ಪತ್ರೆಗೆ ಹಾಸಿಗೆಯನ್ನೋ ಯಂತ್ರವನ್ನೋ ಕೊಡಿಸುತ್ತವೆ. ರೋಗಿಯ ನೋವನ್ನು ಕಳೆಯುವುದು ಪುಣ್ಯಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಕಾರ್ಯದ ಬೆನ್ನಿಗೇ ನಡೆದುಹೋಗುವ ಹಿಂಸೆಯ ಲೆಕ್ಕವನ್ನು ಇಡಬೇಕಾದವರು ಯಾರು? ಉದ್ದೇಶವು ಒಳ್ಳೆಯದಾಗಿದ್ದರೆ ಅದರೊಡನೆ ಬರುವ ಹಿಂಸೆಯೆಲ್ಲವೂ ಕ್ಷಮ್ಯವೇ?

ಅಮೆರಿಕದ ಒಂದು ವೈದ್ಯಕೀಯ ವಿದ್ಯಾಸಂಸ್ಥೆಯಲ್ಲಿ ನಡೆದ ಸಂಗತಿಯು ಈ ಪ್ರಶ್ನೆಯನ್ನು ಸ್ಪಷ್ಟಗೊಳಿಸುತ್ತದೆ. ಶಸ್ತ್ರಕ್ರಿಯೆಯ ಕಾಲದಲ್ಲಿ ಉಸಿರಿನ ಮೂಲಕ ನೀಡುವ ಅರಿವಳಿಕೆಗಳಲ್ಲಿ ಡೆಸ್‌ಫ್ಲುರೇನ್ ಎಂಬುದು ಒಂದು. ೧೯೯೨ರಲ್ಲಿ ಅದು ಆ ದೇಶದಲ್ಲಿ ಬಳಕೆಗೆ ಬಂದಿತು. ಕೊಡುವುದನ್ನು ನಿಲ್ಲಿಸಿದ ಮೇಲೆ ರೋಗಿಯು ಬೇಗನೆ ಎಚ್ಚರಗೊಳ್ಳುವನೆಂಬುದು ಅದರ ಗುಣ. ಆದರೆ ಒಳಹೊಕ್ಕ ಅನಿಲದಲ್ಲಿ ದೇಹವು ಮಾರ್ಪಡಿಸುವುದು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಉಳಿದುದೆಲ್ಲವೂ ಇದ್ದಂತೆಯೇ ಉಸಿರಿನೊಡನೆ ಹೊರಬಂದು, ಕೊಳವೆಗಳ ಮೂಲಕ ಹಾದು, ಕಟ್ಟಡದ ಹೊರಗಿನ ಗಾಳಿಯನ್ನು ಸೇರುತ್ತದೆ. ಶಸ್ತ್ರಕ್ರಿಯಾ ಕೊಠಡಿಯಲ್ಲಿ ದುಡಿಯುವ ವೈದ್ಯರಿಗೂ ದಾದಿಯರಿಗೂ ತಾಗದಿರಲೆಂದು ಮಾಡಿದ ಏರ್ಪಾಡು ಅದು. ಹೊರಗಿನ ವಾಯುವಿನ ಚಿಂತೆ ಅದನ್ನು ರೂಪಿಸಿದವರಿಗೆ ಇರಲಿಲ್ಲ. ಹಾಗೆ ಹೊರಹೋದ ಡೆಸ್‌ಫ್ಲುರೇನ್ ವಾಯುಮಂಡಲದಲ್ಲಿ ಸುಮಾರು ೧೪ ವರ್ಷ ಉಳಿಯುತ್ತದೆ. ನೂರು ವರ್ಷಗಳ ಅವಧಿಯನ್ನು ಹಿಡಿದು, ತೂಕಕ್ಕೆ ತೂಕ ಹೋಲಿಸಿದರೆ, ಅದು ಭೂಮಿಯನ್ನು ಬಿಸಿಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡಿನದಕ್ಕಿಂತ ೨,೫೦೦ ಪಟ್ಟಿಗೂ ಮಿಗಿಲು. ಅದೇ ಕೆಲಸಕ್ಕೆ ಬಳಸುವ ಸೀವೊಫ್ಲುರೇನ್ ಎಂಬ ಇನ್ನೊಂದು ಅರಿವಳಿಕೆಯಲ್ಲಿ ಈ ಸಂಖ್ಯೆ ೨೦೦ರ ಒಳಗಿದೆ. ಅಲ್ಲದೆ, ರೋಗಿಯನ್ನು ನಿದ್ರೆಯಲ್ಲಿ ಇರಿಸಲು ಡೆಸ್‌ಫ್ಲುರೇನ್ ಅದರ ಸುಮಾರು ಮೂರು ಪಟ್ಟು ಸಾಂದ್ರತೆಯಲ್ಲಿ ಬೇಕಾಗುತ್ತದೆ.

ಯೇಲ್ ವಿಶ್ವವಿದ್ಯಾಲಯದ ಅರಿವಳಿಕೆ ತಜ್ಞೆ ಜೋಡಿ ಶೆರ್ಮನ್ ಮತ್ತು ಅವರ ಸಂಗಡಿಗರು ಈ ಔಷಧಗಳ ಪೂರ್ಣ ಲೆಕ್ಕವನ್ನು, ಅಂದರೆ ತಯಾರಿಕೆಯಿಂದ ವಿಸರ್ಜನೆಯವರೆಗಿನ ಹೊರೆಯನ್ನು, ೨೦೧೨ರಲ್ಲಿ ಪ್ರಕಟಿಸಿದರು. ಅವರು ಹೋಲಿಸಿದ ಅರಿವಳಿಕೆಗಳಲ್ಲಿ ಡೆಸ್‌ಫ್ಲುರೇನಿನ ಹೊರೆಯೇ ಅತ್ಯಧಿಕವೆಂದು ಕಂಡುಬಂದಿತು. ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲಿನ ಹೊರೆ ಅದರ ಸಾವಿರಾರು ಪಾಲಿನಲ್ಲಿ ಒಂದು ಪಾಲಷ್ಟೆ. ಮರುವರ್ಷ, ೨೦೧೩ರಲ್ಲಿ, ಆ ವಿಶ್ವವಿದ್ಯಾಲಯದ ಬೋಧನಾ ಆಸ್ಪತ್ರೆಯಾದ ಯೇಲ್ ನ್ಯೂ ಹೇವನ್ ಆಸ್ಪತ್ರೆಯು ಡೆಸ್‌ಫ್ಲುರೇನನ್ನು ಬಳಕೆಯಿಂದ ತೆಗೆದುಹಾಕಿತು. ರೋಗಿಗಳಿಗೆ ಅರಿವಳಿಕೆ ತಪ್ಪಲಿಲ್ಲ, ಬೇರೆ ಔಷಧಗಳಿದ್ದವು. ದುಬಾರಿಯಾದ ಔಷಧವನ್ನು ಬಿಟ್ಟುದರಿಂದ ಹಣವೂ ಉಳಿಯಿತು. ಹಣ ಉಳಿಯಿತೆಂಬ ಕಾರಣಕ್ಕೆ ಕಾರ್ಯದ ಯೋಗ್ಯತೆಯೇನೂ ಕುಂದದು. ಆದರೂ ಖರ್ಚು ಹೆಚ್ಚುವಂತಿದ್ದಲ್ಲಿ ಇಷ್ಟು ಬೇಗ ತೀರ್ಮಾನವಾಗುತ್ತಿತ್ತೇ ಎಂದು ಯಾರಾದರೂ ಕೇಳಿದರೆ ಅದು ಕುಹಕವೆನಿಸದು.

ಗೃಹಸ್ಥನಿಂದ ಆಗುವ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದು ರೂಢಿ. ಇವುಗಳಲ್ಲಿ ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಪೂರ್ಣವಾಗಿ ತ್ಯಜಿಸಬೇಕು. ಮಿಕ್ಕವು ಗೃಹಸ್ಥಜೀವನದಲ್ಲಿ ಪೂರ್ಣವಾಗಿ ತಪ್ಪಿಸಲಾಗದವು. ಆಸ್ಪತ್ರೆಯ ಹಿಂಸೆಯು ಉದ್ಯೋಗೀ ಹಿಂಸೆಯೆಂದು ಹೇಳಿ ವಿಚಾರವನ್ನು ಅಲ್ಲಿಗೇ ಮುಗಿಸುವವರು ಹಲವರು. ಅವರು ಮರೆಯುವುದು ಗುಣವ್ರತಗಳಲ್ಲಿ ಒಂದಾದ ಅನರ್ಥದಂಡವ್ರತವನ್ನು. ಬಳಕೆಯ ಕನ್ನಡದಲ್ಲಿ ಅನರ್ಥವೆಂದರೆ ಕೇಡು, ವಿಪತ್ತು. ವ್ರತದ ಹೆಸರಿನಲ್ಲಿ ಅದರ ಅರ್ಥ ಬೇರೆ: ಪ್ರಯೋಜನವಿಲ್ಲದುದು. ಯಾವ ಪ್ರಯೋಜನವೂ ಸಿದ್ಧಿಸದೆ ನಡೆಯುವ ಹಿಂಸೆಯೇ ಅನರ್ಥದಂಡ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಐದು ಭೇದಗಳನ್ನು ಹೇಳಿ, ಪ್ರಮಾದಚರ್ಯೆ ಎಂಬ ಭೇದದಲ್ಲಿ ಭೂಮಿ, ಜಲ, ಅಗ್ನಿ, ವನಸ್ಪತಿಗಳೊಡನೆ ವಾಯುವನ್ನೂ ಸೇರಿಸಿದ್ದಾರೆ. ನಿಷ್ಫಲವಾಗಿ ವಾಯುವನ್ನು ಕದಡುವುದೂ ಅಲ್ಲಿ ದೋಷವೇ. ಆಚಾರ್ಯರಿಗೆ ಭೂಮಿಯ ತಾಪ ಏರುವ ಸಂಗತಿ ತಿಳಿದಿತ್ತೆಂದು ವಾದಿಸುವುದು ಬಾಲಿಶವಾದೀತು. ಆದರೆ ವಾಯುಕಾಯಿಕ ಜೀವಗಳನ್ನು ಒಪ್ಪಿದ ಧರ್ಮಕ್ಕೆ ಗಾಳಿಯು ಕಸವನ್ನು ಚೆಲ್ಲುವ ಬಯಲಾಗಿ ಎಂದೂ ಕಂಡಿರಲಿಲ್ಲ ಎಂಬುದು ನಿಜ.

ಆದ್ದರಿಂದ ಆಸ್ಪತ್ರೆಯಲ್ಲಿ ಕೇಳಬೇಕಾದುದು ಹಿಂಸೆ ಇದೆಯೋ ಇಲ್ಲವೋ ಎಂದಲ್ಲ. ಆಗುವ ಹಿಂಸೆಯಲ್ಲಿ ರೋಗಿಗೆ ಉಪಕಾರವಾದ ಭಾಗವೆಷ್ಟು, ಯಾರಿಗೂ ಉಪಕಾರವಾಗದ ಭಾಗವೆಷ್ಟು ಎಂದು. ನೈಟ್ರಸ್ ಆಕ್ಸೈಡಿನ ಉದಾಹರಣೆ ಇದಕ್ಕೆ ಇನ್ನೂ ಸ್ಪಷ್ಟವಾದುದು. ಈ ಅನಿಲವು ನೂರು ವರ್ಷಕ್ಕೂ ಮಿಕ್ಕಿ ವಾಯುಮಂಡಲದಲ್ಲಿ ಉಳಿಯುವಂಥದು. ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನು ಒಂದೆಡೆ ಸಂಗ್ರಹಿಸಿ ಗೋಡೆಯೊಳಗಿನ ಕೊಳವೆಗಳಲ್ಲಿ ಕೊಠಡಿಗಳಿಗೆ ಹಾಯಿಸುತ್ತಾರೆ. ಸ್ಕಾಟ್ಲೆಂಡಿನ ಕೆಲವು ಆಸ್ಪತ್ರೆಗಳಲ್ಲಿ ಕೊಂಡ ಅನಿಲವನ್ನೂ ರೋಗಿಗೆ ಕೊಟ್ಟ ಅನಿಲವನ್ನೂ ತಾಳೆನೋಡಿದಾಗ, ಅದರ ಬಹುಪಾಲು ಯಾವ ರೋಗಿಯನ್ನೂ ಮುಟ್ಟದೆ ಸೋರಿಹೋಗಿರುವುದು ತಿಳಿದುಬಂದಿತು. ಯಾರ ನೋವನ್ನೂ ಕಳೆಯದೆ ಹೋದ ಆ ಅನಿಲವನ್ನು ಉದ್ಯೋಗೀ ಹಿಂಸೆಯೆಂದು ಕರೆಯಲು ಯಾವ ಆಧಾರವಿದೆ?

ಅರಿವಳಿಕೆಯ ಅನಿಲಗಳಿಂದ ಆಗುವ ತಾಪ ಅತ್ಯಲ್ಪ, ಅದನ್ನು ಇಷ್ಟು ದೊಡ್ಡದು ಮಾಡಬೇಕೆ ಎಂಬ ಆಕ್ಷೇಪವನ್ನು ವಿಜ್ಞಾನಿಗಳಲ್ಲೇ ಕೆಲವರು ಎತ್ತಿದ್ದಾರೆ. ಜಗತ್ತಿನ ಒಟ್ಟು ಹೊರೆಯ ಮುಂದೆ ಈ ಅನಿಲಗಳ ಪಾಲು ಚಿಕ್ಕದೆಂಬುದು ಸತ್ಯ. ಈ ಆಕ್ಷೇಪಕ್ಕೆ ಬೆಲೆಯಿದೆ. ಒಂದು ಔಷಧವನ್ನು ಬಿಟ್ಟೆವೆಂದು ಆಸ್ಪತ್ರೆಯ ಮಿಕ್ಕ ಅಪವ್ಯಯಗಳನ್ನು ಮರೆಯುವುದು ಸಲ್ಲದು. ಆದರೆ ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದದಿಂದ ಕೂಡಿದ ಪ್ರವೃತ್ತಿಯನ್ನೇ ಮೊದಲಿಗೆ ಇಟ್ಟಿದ್ದಾರೆ. ೨೦೧೨ಕ್ಕೆ ಮುಂಚೆ, ಹೊರೆಯ ಅರಿವಿಲ್ಲದೆ, ಡೆಸ್‌ಫ್ಲುರೇನ್ ಬಳಸಿದ ವೈದ್ಯನೂ, ಲೆಕ್ಕವನ್ನು ಓದಿ ತಿಳಿದ ಮೇಲೂ ಕೈಗೆ ಒಗ್ಗಿದೆಯೆಂದು ಅದನ್ನೇ ಬಳಸುವ ವೈದ್ಯನೂ ಹೊರಬಿಟ್ಟ ಅನಿಲದ ಅಳತೆ ಒಂದೇ ಇರಬಹುದು. ಇಬ್ಬರ ಕರ್ಮಬಂಧ ಒಂದೇ ಅಲ್ಲ. ಇನ್ನೊಂದು ತುದಿಗೆ ಹೋಗಿ, ಅನಿಲವನ್ನು ಉಳಿಸಲೆಂದು ರೋಗಿಯ ಅರಿವಳಿಕೆಯನ್ನೇ ಮೊಟಕುಗೊಳಿಸುವುದು ಕ್ರೌರ್ಯ. ಅದಕ್ಕೆ ಅಹಿಂಸೆಯ ಹೆಸರು ಒಪ್ಪದು.

ಸ್ಕಾಟ್ಲೆಂಡ್ ೨೦೨೩ರಲ್ಲಿ ತನ್ನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಡೆಸ್‌ಫ್ಲುರೇನನ್ನು ನಿಲ್ಲಿಸಿತು. ಯುರೋಪಿಯನ್ ಒಕ್ಕೂಟವು ೨೦೨೪ರಲ್ಲಿ ಮಾಡಿದ ನಿಯಮದಂತೆ ೨೦೨೬ರ ಜನವರಿ ೧ರಿಂದ ಅದರ ಬಳಕೆಗೆ ಅಲ್ಲಿ ನಿಷೇಧವಿದೆ. ಆದರೆ ವೈದ್ಯಕೀಯ ಕಾರಣದಿಂದ ಬೇರಾವ ಅರಿವಳಿಕೆಯೂ ಹೊಂದದ ರೋಗಿಗೆ ಅದನ್ನು ಕೊಡಬಹುದು, ಕಾರಣವನ್ನು ಬರೆದಿಡಬೇಕು. ಪ್ರಯೋಜನವಿದ್ದಲ್ಲಿ ಅನುಮತಿ, ಇಲ್ಲದಲ್ಲಿ ನಿಷೇಧ. ಆ ನಿಯಮವನ್ನು ಬರೆದವರು ಶ್ರಾವಕಾಚಾರವನ್ನು ಓದಿದವರಲ್ಲ.

ಇಲ್ಲಿ ಆಸ್ಪತ್ರೆಗೆ ಅರಿವಳಿಕೆಯ ಯಂತ್ರವನ್ನು ಕೊಡಿಸುವ ಟ್ರಸ್ಟುಗಳಿಗೂ ಕೇಳಲು ಅವಕಾಶವಿದೆ. ಡೆಸ್‌ಫ್ಲುರೇನಿಗೆ ಬಿಸಿಮಾಡುವ ಪ್ರತ್ಯೇಕ ಉಪಕರಣ ಬೇಕು. ಅದನ್ನು ಕೊಳ್ಳುವ ಪಟ್ಟಿಯಲ್ಲಿ ಸೇರಿಸಲಾಗಿದೆಯೇ? ರೋಗಿಯ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಸೋಡಾ ಸುಣ್ಣದಲ್ಲಿ ಹೀರಿಸಿ, ಮಿಕ್ಕ ಅನಿಲವನ್ನು ಮತ್ತೆ ರೋಗಿಗೇ ಹಾಯಿಸುವ ಯಂತ್ರಗಳಿವೆ. ಅವುಗಳಲ್ಲಿ ಹೊಸ ಅನಿಲದ ಹರಿವನ್ನು ನಿಮಿಷಕ್ಕೆ ಒಂದು ಲೀಟರಿಗೋ ಅದಕ್ಕಿಂತ ಕಡಿಮೆಗೋ ಇಳಿಸಬಹುದು. ಆಸ್ಪತ್ರೆಯಲ್ಲಿ ಹಾಗೆ ಇಳಿಸುವ ಪದ್ಧತಿ ಇದೆಯೇ? ದಾನಿಗಳ ಹೆಸರಿನ ಕಲ್ಲು ಎಷ್ಟು ಅಗಲವಿರಬೇಕೆಂದು ಸಭೆಯಲ್ಲಿ ಚರ್ಚಿಸುವಷ್ಟು ಹೊತ್ತೂ ಇದಕ್ಕೆ ಬೇಡ. ಅಲ್ಲಿಯ ಅರಿವಳಿಕೆ ವೈದ್ಯರನ್ನು ವಿಚಾರಿಸಿದರೆ ಉತ್ತರ ದೊರೆಯುತ್ತದೆ.