ನಗೆಯ ಋಣವನ್ನು ಮನ್ನಿಸುವವರು ಯಾರು?

ಗೇಲಿಯ ಚಿತ್ರವೊಂದನ್ನು ಕಂಡಾಗ ನಾವು ಮೊದಲು ನಗುತ್ತೇವೆ. ಯಾರನ್ನು ನೋಡಿ ನಕ್ಕೆವೆಂಬ ಯೋಚನೆ ಬರುವುದು ಆಮೇಲೆ, ಅದೂ ಬಂದರೆ. ಒಂದು ಜನಸಮೂಹವು ಇನ್ನೊಂದನ್ನು ಪರಿಹಾಸ್ಯ ಮಾಡುವುದನ್ನು ಕುರ್‌ಆನಿನ ಅಲ್-ಹುಜುರಾತ್ ಅಧ್ಯಾಯವು ನಿಷೇಧಿಸಿರುವುದು ನಿಮಗೆ ತಿಳಿದಿದೆ. ಅಕ್ರಮಿಯಾದ ಆಡಳಿತಗಾರನ ಮುಂದೆ ಸತ್ಯ ನುಡಿಯುವುದಕ್ಕೆ ಪ್ರವಾದಿಯವರು(ಸ) ಎಂಥ ಸ್ಥಾನ ನೀಡಿದ್ದಾರೆಂಬುದೂ ತಿಳಿದಿದೆ. ಹಾಗಾದರೆ ಪತ್ರಿಕೆಯ ರಾಜಕೀಯ ವ್ಯಂಗ್ಯಚಿತ್ರವು ಈ ಎರಡರಲ್ಲಿ ಯಾವುದಕ್ಕೆ ಸೇರುತ್ತದೆ?

ಕೇರಳದ ಕಾಯಂಕುಳಂ ಬಳಿಯ ಕೃಷ್ಣಪುರಂನಲ್ಲಿ ಒಂದು ವ್ಯಂಗ್ಯಚಿತ್ರ ಸಂಗ್ರಹಾಲಯವಿದೆ. 1902ರಲ್ಲಿ ಕಾಯಂಕುಳಂನಲ್ಲಿ ಜನಿಸಿದ ಶಂಕರ್ ಪಿಳ್ಳೆಯವರ ಚಿತ್ರಗಳನ್ನು ಅಲ್ಲಿ ಕಾಪಾಡಲಾಗಿದೆ. 1948ರಲ್ಲಿ ಅವರು ದಿಲ್ಲಿಯಲ್ಲಿ ಆರಂಭಿಸಿದ ‘ಶಂಕರ್ಸ್ ವೀಕ್ಲಿ’ 1975ರವರೆಗೆ ನಡೆಯಿತು. ತನ್ನನ್ನೂ ಬಿಡಬೇಡಿರೆಂದು ಪ್ರಧಾನಿ ನೆಹರೂ ಅವರಿಗೆ ಹೇಳಿದ್ದರು. ಶಂಕರ್ ಬಿಡಲೂ ಇಲ್ಲ. ಇಂಥ ಮಾತನ್ನಾಡುವ ಅಧಿಕಾರಸ್ಥರು ಎಲ್ಲ ಕಾಲದಲ್ಲೂ ಅಪರೂಪ.

1949ರಲ್ಲಿ ಶಂಕರ್ ಬರೆದ ಒಂದು ಚಿತ್ರವನ್ನು ಗಮನಿಸಿರಿ. ‘ಸಂವಿಧಾನ’ವೆಂಬ ಬಸವನಹುಳುವಿನ ಮೇಲೆ ಚಾವಟಿ ಹಿಡಿದ ಅಂಬೇಡ್ಕರ್ ಕುಳಿತಿದ್ದಾರೆ. ಹಿಂದೆ ಚಾವಟಿ ಎತ್ತಿದ ನೆಹರೂ. ಸುತ್ತ ನೋಡುವ ಜನ. ಸಂವಿಧಾನ ರಚನೆ ನಿಧಾನವಾಯಿತೆಂಬುದೇ ಚಿತ್ರದ ಮಾತು. (ಇಷ್ಟು ದೊಡ್ಡ ದೇಶದ ಸಂವಿಧಾನ ಮೂರು ವರ್ಷ ತುಂಬುವ ಮುನ್ನವೇ ಸಿದ್ಧವಾಯಿತು. ಅದು ಬಸವನಹುಳುವಿನ ನಡಿಗೆಯೇ ಎಂಬುದು ಬೇರೆ ಪ್ರಶ್ನೆ.) 2006ರಲ್ಲಿ ಈ ಚಿತ್ರ ಎನ್‌ಸಿಇಆರ್‌ಟಿಯ 11ನೇ ತರಗತಿಯ ಪಠ್ಯಪುಸ್ತಕ ಸೇರಿತು. 2012ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಅದರ ಬಗ್ಗೆ ಕೋಲಾಹಲವೆದ್ದಿತು. ಸಚಿವ ಕಪಿಲ್ ಸಿಬಲ್ ಕ್ಷಮೆ ಕೇಳಿದರು. ಯೋಗೇಂದ್ರ ಯಾದವ್ ಮತ್ತು ಸುಹಾಸ್ ಪಳಶೀಕರ್ ಪಠ್ಯದ ಸಲಹೆಗಾರರ ಹುದ್ದೆಯನ್ನು ತೊರೆದರು.

ಚಿತ್ರದ ಒಂದು ಗೆರೆಯೂ ಬದಲಾಗಿರಲಿಲ್ಲ. ಆದರೆ ದಲಿತ ವಿದ್ಯಾರ್ಥಿಯ ಕಣ್ಣಿಗೆ ಬಿದ್ದುದು ನಿಧಾನಗತಿಯಲ್ಲ, ತನ್ನ ನಾಯಕನ ಬೆನ್ನ ಹಿಂದೆ ಎದ್ದ ಚಾವಟಿ. ತಲೆಮಾರುಗಳಿಂದ ಚಾವಟಿಯ ಪೆಟ್ಟನ್ನು ಬಲ್ಲವರಿಗೆ ‘ಅದು ಹುಳುವಿಗೆ ಎತ್ತಿದ್ದು’ ಎಂಬ ಸಮಜಾಯಿಷಿ ಸಾಕಾಗುವುದಿಲ್ಲ.

ಶಂಕರರ ಉದ್ದೇಶ ಕೆಟ್ಟದ್ದಾಗಿರಲಿಲ್ಲವೆಂದು ಅನೇಕರು ವಾದಿಸಿದರು. ನಾನೂ ಹಾಗೆಯೇ ನಂಬುತ್ತೇನೆ. ಕರ್ಮಗಳನ್ನು ನಿಯ್ಯತ್ತಿನಿಂದ ಅಳೆಯಲಾಗುತ್ತದೆಂಬುದು ನಮ್ಮ ವಿಶ್ವಾಸ. ಆದರೆ ನಿಯ್ಯತ್ ನನ್ನ ಮತ್ತು ಅಲ್ಲಾಹನ ನಡುವಿನ ಲೆಕ್ಕ. ನೊಂದವನ ಬಳಿ ಇನ್ನೊಂದು ಲೆಕ್ಕವಿರುತ್ತದೆ, ಅದೇ ಹುಕೂಕುಲ್ ಇಬಾದ್. ಅದನ್ನು ಮನ್ನಿಸುವ ಅಧಿಕಾರ ಅವನಿಗೇ ಸೇರಿದ್ದು. ತನ್ನನ್ನು ಬಿಡಬೇಡಿರೆಂದಾಗ ನೆಹರೂ ತನ್ನ ಪಾಲನ್ನು ಮನ್ನಿಸಿದರು. ಬೇರೆಯವರ ಪಾಲನ್ನು ಮನ್ನಿಸಲು ಅವರಿಂದಲೂ ಸಾಧ್ಯವಿರಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ, ಆಗ ಪುಣೆಯಲ್ಲಿ ಪಳಶೀಕರರ ಕಚೇರಿಗೆ ನುಗ್ಗಿ ದಾಂಧಲೆ ನಡೆಸಿದವರನ್ನು ನಾನು ಸಮರ್ಥಿಸುತ್ತಿಲ್ಲ. ನೋವಿನ ಹೆಸರಿನಲ್ಲಿ ಇನ್ನೊಬ್ಬನ ಹಕ್ಕನ್ನು ಮುರಿದರೆ ಋಣ ತೀರುವುದಿಲ್ಲ, ಇನ್ನೊಂದು ಸೇರುತ್ತದೆ. ನಮ್ಮ ಭಾವನೆಗಳಿಗೆ ಪೆಟ್ಟಾದಾಗ ಬೀದಿಗಿಳಿಯುವ ನಮ್ಮ ಯುವಕರೂ ಇದನ್ನು ಕೇಳಿಸಿಕೊಳ್ಳಲಿ.

ಹಳೆಯ ಚಿತ್ರಗಳನ್ನು ಸುಟ್ಟುಹಾಕಬೇಕೆಂದು ನನಗನಿಸುವುದಿಲ್ಲ. ಅವುಗಳಿಗೆ ಸಂಗ್ರಹಾಲಯದ ಗೋಡೆ ತಕ್ಕ ಜಾಗ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಅವರು ನಿಮ್ಮನ್ನು ಕೇಳದೆ ಬಿಡುವುದಿಲ್ಲ: ‘ಅಬ್ಬಾ, ಇವರನ್ನು ನೋಡಿ ಯಾಕೆ ನಗಬೇಕು?’ ಚಿತ್ರದ ಇಸವಿಯನ್ನು ನೋಡಿಕೊಂಡು, ಆ ಕಾಲದಲ್ಲಿ ಯಾರ ಕೈಯಲ್ಲಿ ಅಧಿಕಾರವಿತ್ತೆಂಬುದರಿಂದ ಉತ್ತರವನ್ನು ಆರಂಭಿಸಿರಿ.