ಕೋವಿಯ ಕೆತ್ತನೆ ಮತ್ತು ಶುದ್ಧಿಯ ಮಿತಿ

ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬಕ್ಕೆ ಮುನ್ನ ಕೋವಿಯನ್ನು ಶುಚಿಗೊಳಿಸುವುದು ಪೂಜೆಯದೇ ಒಂದು ಅಂಗ. ನಾಟಿ ಮುಗಿದ ಮೇಲೆ ಬರುವ ಈ ಹಬ್ಬದಲ್ಲಿ ಆಯುಧಗಳನ್ನು ದೇವರ ಕೋಣೆಯಲ್ಲಿಟ್ಟು, ಗಂಧ ಹಚ್ಚಿ, ತೋಕ್‌ಪೂ ಎಂಬ ಹೂ ಮುಡಿಸಿ, ಕುಲದ ಹಿರಿಯರಾದ ಗುರುಕಾರೋಣರನ್ನು ನೆನೆಯುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಸಂಪ್ರದಾಯವಿರುವುದರಿಂದ ಕೋವಿ ಇಲ್ಲಿ ಒಕ್ಕದ, ಅಂದರೆ ಮನೆತನದ, ಹುಟ್ಟು ಸಾವುಗಳಿಗೆ ಸಾಕ್ಷಿ. ಆಯುಧ ಕಾನೂನಿನಿಂದ ಕೊಡವರಿಗೆ 1861ರಲ್ಲಿ ದೊರೆತ ವಿನಾಯಿತಿ ಬೇರೆ ರೂಪದಲ್ಲಿ ಇಂದಿಗೂ ಮುಂದುವರಿದಿರುವುದರಿಂದ ಹಳೆಯ ಜೋಡುನಳಿಗೆಯ ಕೋವಿಗಳು ತಲೆಮಾರು ದಾಟಿ ಉಳಿದಿವೆ. ಅವುಗಳ ಪಕ್ಕದ ಉಕ್ಕಿನ ಫಲಕಗಳ ಮೇಲೆ ಬಳ್ಳಿ, ಹೂ, ಹಕ್ಕಿಗಳ ಸೂಕ್ಷ್ಮ ಕೆತ್ತನೆ ಇರುವುದುಂಟು. ಅದನ್ನು ಉಜ್ಜಲು ಹೊರಟಾಗ ತತ್ತ್ವದ ಪ್ರಶ್ನೆಯೊಂದು ಎದುರಾಗುತ್ತದೆ: ಶುದ್ಧಿ ಎಂದರೆ ಇಲ್ಲದ್ದನ್ನು ಸೇರಿಸುವುದೋ, ಬಂದು ಅಂಟಿದ್ದನ್ನು ಕಳೆಯುವುದೋ?

ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರದ ಭಾಷ್ಯದಲ್ಲಿ ಶಂಕರರು ಸಂಸ್ಕಾರವನ್ನು ಎರಡಾಗಿ ವಿಂಗಡಿಸುತ್ತಾರೆ. ಒಂದು ಗುಣಾಧಾನ, ಅಂದರೆ ಹೊಸ ಗುಣವನ್ನು ತುಂಬುವುದು. ಇನ್ನೊಂದು ದೋಷಾಪನಯನ, ಅಂದರೆ ದೋಷವನ್ನು ನೀಗುವುದು. ಕನ್ನಡಿಯನ್ನು ತಿಕ್ಕಿದರೆ ಅದರ ಹೊಳಪು ಪ್ರಕಟವಾಗುವಂತೆ ಕ್ರಿಯೆಯಿಂದ ಆತ್ಮನ ಶುದ್ಧಿಯೂ ಪ್ರಕಟವಾಗಬಾರದೇಕೆ ಎಂಬ ಆಕ್ಷೇಪವನ್ನು ಅಲ್ಲೇ ಎತ್ತಿ, ಅದನ್ನು ನಿರಾಕರಿಸುತ್ತಾರೆ. ಕ್ರಿಯೆ ತಾನು ನೆಲೆಸಿದ ವಸ್ತುವನ್ನು ಮಾರ್ಪಡಿಸದೆ ಇರದು, ಆತ್ಮನಿಗೆ ಮಾರ್ಪಾಡಿಲ್ಲ. ಈ ವಾದ ಲೋಹದ ವಿಷಯದಲ್ಲಿ ಒಂದು ಎಚ್ಚರಿಕೆಯೂ ಹೌದು. ಮಾರ್ಪಡುವ ವಸ್ತುವನ್ನು ತಿಕ್ಕಿದಷ್ಟೂ ಅದು ಸವೆಯುತ್ತದೆ.

ಕೋವಿಯಲ್ಲಿ ದೋಷ ಯಾವುದು, ಗುಣ ಯಾವುದು ಎಂಬುದು ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಕೆಂಪು ತುಕ್ಕು ಸರಂಧ್ರವಾದದ್ದು. ತೇವವನ್ನು ಹಿಡಿದಿಟ್ಟುಕೊಂಡು ಉಕ್ಕನ್ನು ಒಳಕ್ಕೆ ತಿನ್ನುತ್ತದೆ. ನಳಿಗೆಯ ನೀಲಿಗಪ್ಪು ಬಣ್ಣವೂ ಕಬ್ಬಿಣದ ಆಕ್ಸೈಡೇ, ಆದರೆ ಕುಶಲಕರ್ಮಿ ಬೇಕೆಂದೇ ಬರಿಸಿದ್ದು. ಎಣ್ಣೆಯನ್ನು ಹಿಡಿದು ತುಕ್ಕನ್ನು ತಡೆಯುತ್ತದೆ. ಎರಡೂ ಕಬ್ಬಿಣದಿಂದಲೇ ಹುಟ್ಟಿದರೂ ಒಂದು ಕೇಡು, ಒಂದು ಕಾವಲು. ಮೂಳೆ ಮತ್ತು ತೊಗಲಿನ ಇದ್ದಿಲಿನಲ್ಲಿಟ್ಟು ಕಾಯಿಸಿ ನೀರಿಗೆ ಹಾಕಿದ ಫಲಕಗಳ ಮೇಲಿನ ನೀಲಿ, ಕಂದು ಬಣ್ಣಗಳ ಪದರ ಇನ್ನೂ ತೆಳು. ಹುಣಸೆಹುಳಿ, ಉಪ್ಪುಕಾಗದ, ಪಾಲಿಶ್ ಪುಡಿಗಳು ಕೊಳೆಯೊಂದಿಗೆ ಇವನ್ನೂ ಒಯ್ಯುತ್ತವೆ.

ಆದ್ದರಿಂದ ಶುಚಿಗೊಳಿಸುವ ಕ್ರಮ ಮೆದುವಾದುದು. ಮೊದಲು ಕೋವಿಯನ್ನು ಮಡಚಿ ತೆರೆದು ಎರಡೂ ನಳಿಗೆ ಖಾಲಿ ಇವೆಯೆಂದು ಕಣ್ಣಾರೆ ನೋಡಬೇಕು. ಮೃದು ಬ್ರಷ್‌ನಿಂದ ಧೂಳು ತೆಗೆದು, ಕೆತ್ತನೆಗೆ ತೆಳು ಎಣ್ಣೆ ಹಚ್ಚಿ, ಗಟ್ಟಿಯಾದ ಹಳೆಯ ಎಣ್ಣೆಯ ಜಿಡ್ಡು ನೆನೆಯಲು ಬಿಡಬೇಕು. ಬಳಿಕ ಚೂಪು ಮಾಡಿದ ಬಿದಿರಿನ ಕಡ್ಡಿಯನ್ನು ಗೆರೆ ಹೋದ ದಿಕ್ಕಿನಲ್ಲೇ ಆಡಿಸಿದರೆ ಕಂದು ಜಿಡ್ಡು ಎದ್ದು ಬಂದು, ಹಕ್ಕಿಯ ರೆಕ್ಕೆಯ ಒಂದೊಂದು ಗೀರೂ ಕಾಣುತ್ತದೆ. ಕೆಂಪು ತುಕ್ಕಿನ ಚುಕ್ಕೆಗೆ ಎಣ್ಣೆ ಹಾಕಿ, ಉಕ್ಕಿಗಿಂತ ಮೆದುವಾದ ತಾಮ್ರದ ಅಂಚಿನಿಂದ ಮೆಲ್ಲಗೆ ಕೆರೆಯಬಹುದು. ಕೊನೆಗೆ ಹತ್ತಿಬಟ್ಟೆಯಿಂದ ಒರೆಸಿ ಎಣ್ಣೆಯ ತೆಳುಲೇಪ ಉಳಿಸಬೇಕು. ಬೆರಳಿನ ಬೆವರೂ ತುಕ್ಕಿಗೆ ಬೀಜ.

ಸವೆದ ಗೆರೆಯನ್ನು ಮತ್ತೆ ಕೆತ್ತಿಸುವುದು ಬೇರೆಯೇ ಬಗೆಯ ಕೆಲಸ. ಈ ಭೇದವನ್ನು ದೇವಾಲಯದ ಸಂಪ್ರದಾಯವೂ ಬಲ್ಲದು. ನಿತ್ಯದ ಅಭಿಷೇಕ, ನಿರ್ಮಾಲ್ಯ ತೆಗೆಯುವುದು ಪೂಜೆಯೊಳಗೇ ನಡೆಯುತ್ತವೆ. ಜೀರ್ಣೋದ್ಧಾರಕ್ಕಾದರೆ ಕಲಾಕರ್ಷಣವೆಂಬ ವಿಧಿಯಿಂದ ದೇವರ ಸಾನ್ನಿಧ್ಯವನ್ನು ಕಲಶಕ್ಕೆ ತಂದು, ಕೆಲಸ ಮುಗಿದ ಮೇಲೆ ಮರಳಿ ಪ್ರತಿಷ್ಠಾಪಿಸಬೇಕು. ಉಳಿ ತಾಗಿದ ಮೇಲೆ ವಸ್ತು ಮೊದಲಿನದೇ ಎಂದು ಸುಮ್ಮನೆ ಭಾವಿಸುವಂತಿಲ್ಲ.

ಹಿರಿಯರ ಅಂಗೈ ತಾಗಿ ನುಣುಪಾದ ಅಂಚು ಗುಣವೋ ದೋಷವೋ? ಹೊಸತನವೇ ಅಳತೆಯಾದರೆ ದೋಷ. ಪೂಜೆ ಗುರುಕಾರೋಣರ ಸ್ಮರಣೆಯಾದರೆ ಆ ಸವೆತವೇ ಅವರ ಗುರುತು. ಕೇಡು ಬೆಳೆಸುವ ತುಕ್ಕನ್ನೂ ಗೆರೆ ಮುಚ್ಚುವ ಜಿಡ್ಡನ್ನೂ ನೀಗಿ, ಕುಶಲಕರ್ಮಿ ಕೊಟ್ಟ ಬಣ್ಣವನ್ನೂ ಬಳಸಿದವರು ಬಿಟ್ಟ ಸವೆತವನ್ನೂ ಉಳಿಸುವುದೇ ಇಲ್ಲಿ ಶುದ್ಧಿ. ಲೋಹ ಗಾಳಿ ತೇವಗಳಿಗೆ ಒಳಗಾಗಿಯೇ ಇರುವುದರಿಂದ ಈ ಶುದ್ಧಿ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ, ಪ್ರತಿ ವರ್ಷವೂ ಮಾಡಬೇಕಾದ ಕರ್ತವ್ಯ.