ಬೆಂಕಿಯಿಲ್ಲದ ದಿನದ ನೆರೆಯವನು

ನೆರೆಯವನ ಮನೆಗೆ ಬೆಂಕಿ ಬಿದ್ದಾಗ ಓಡಿಹೋಗಿ ಆರಿಸುವವನು ಉಪಕಾರ ಮಾಡುತ್ತಾನೋ, ಇಲ್ಲವೆ ತಾನು ಸಲ್ಲಿಸತಕ್ಕ ಋಣವನ್ನು ತೀರಿಸುತ್ತಾನೋ? ಇದನ್ನು ವಿಚಾರಿಸುವದಕ್ಕೆ ದೂರ ದೇಶದ ಒಬ್ಬ ಕಸಬುದಾರನ ಜೀವಿತವನ್ನು ನೆನಪಿಗೆ ತಂದುಕೊಳ್ಳೋಣ.

ಬೆಂಜಮಿನ್ ಫ್ರಾಂಕ್ಲಿನನು 1706ರಲ್ಲಿ ಅಮೇರಿಕದ ಬಾಸ್ಟನ್ ಪಟ್ಟಣದಲ್ಲಿ, ಬತ್ತಿಯನ್ನೂ ಸಾಬೂನನ್ನೂ ಮಾಡುವವನ ಮಗನಾಗಿ ಹುಟ್ಟಿದನು. ಹದಿನೇಳನೆಯ ವಯಸ್ಸಿನಲ್ಲಿ ಫಿಲಡೆಲ್ಫಿಯ ಎಂಬ ಊರಿಗೆ ಬಂದು ಮುದ್ರಣದ ಕಸಬಿನಿಂದ ಜೀವಿಸಿದನು. ಅಲ್ಲಿ ಕೆಲವರು ಉರಿಯುವ ಕೆಂಡವನ್ನು ತೆರೆದ ಸಲಿಕೆಯಲ್ಲಿ ಕೋಣೆಯಿಂದ ಕೋಣೆಗೆ ಒಯ್ಯುತ್ತಿದ್ದರು. 1735ರಲ್ಲಿ ಆತನು ತನ್ನ ಪತ್ರಿಕೆಯಲ್ಲಿ ಇದರ ಅಪಾಯವನ್ನು ತಿಳಿಸಿ, ಕೆಂಡವನ್ನು ಮುಚ್ಚಿಯೇ ಒಯ್ಯಬೇಕೆಂದು ಎಚ್ಚರಿಸಿದನು. ಮರುವರುಷ, 1736ರಲ್ಲಿ, ನೆರೆಹೊರೆಯವರನ್ನು ಕೂಡಿಸಿ ಬೆಂಕಿ ಆರಿಸುವ ಸಂಘವನ್ನು ಕಟ್ಟಿದನು. ಅದರಲ್ಲಿ ಸಂಬಳವಿರಲಿಲ್ಲ. ಪ್ರತಿಯೊಬ್ಬನು ತೊಗಲಿನ ಬಕೀಟುಗಳನ್ನೂ, ಸಾಮಾನುಗಳನ್ನು ಹೊರತರುವದಕ್ಕೆ ಗಟ್ಟಿ ಚೀಲಗಳನ್ನೂ ಸಿದ್ಧವಾಗಿ ಇಟ್ಟುಕೊಳ್ಳಬೇಕಾಗಿತ್ತು, ತಿಂಗಳಿಗೊಮ್ಮೆ ಕೂಡಿಬರಬೇಕಾಗಿತ್ತು, ತಪ್ಪಿದವನು ದಂಡ ತೆರಬೇಕಾಗಿತ್ತು. ಆ ದಂಡದ ಹಣವು ಏಣಿಗಳಿಗೂ ನೀರೆರಚುವ ಯಂತ್ರಗಳಿಗೂ ಸಲ್ಲುತ್ತಿತ್ತು.

ಇದರಲ್ಲಿ ಸ್ವಾರ್ಥವೂ ಉಂಟಲ್ಲವೇ ಎಂದು ಯಾರಾದರೂ ಕೇಳಬಹುದು. ಉಂಟು. ಗಾಳಿಯು ಯಾರ ಗೋಡೆಯನ್ನೂ ಲೆಕ್ಕಿಸುವದಿಲ್ಲ. ಕುಷ್ಟಗಿ ಯಲಬುರ್ಗಾಗಳ ಬೇಸಿಗೆಯಲ್ಲಿ ಒಂದು ಬಣವೆಗೆ ಕಿಡಿ ತಾಕಿದರೆ ಮಗ್ಗುಲಿನ ಬಣವೆಯು ಉಳಿಯುವದು ದುರ್ಲಭವೆಂದು ನಾವೆಲ್ಲರೂ ಬಲ್ಲೆವು. ಆದಕಾರಣ ಬೆಂಕಿಯನ್ನು ಕಂಡು ಓಡುವದು ಬರೀ ಭಯದ ಕೆಲಸವಾಗಿರಬಹುದು. ಆದರೆ ಬೆಂಕಿಯಿಲ್ಲದ ದಿನದಲ್ಲಿ ನೆರೆಯವನಿಗೋಸ್ಕರ ಬಕೀಟನ್ನು ತೂಗಹಾಕಿಡುವದು ಪ್ರೀತಿಯ ಕೆಲಸವಾಗಿದೆ.

ಇನ್ನೊಂದು ಸಂಗತಿಯನ್ನು ನಾವು ಮರೆಮಾಡಬಾರದು. ಈ ಸಂಘವನ್ನು ಕಟ್ಟಿದವನೇ ತನ್ನ ಮನೆಯಲ್ಲಿ ದಾಸರನ್ನು ಇಟ್ಟುಕೊಂಡಿದ್ದನು. ಮನುಷ್ಯರನ್ನು ಮಾರುವ ಪ್ರಕಟನೆಗಳನ್ನು ಅಚ್ಚುಮಾಡಿದನು. ಮುಪ್ಪಿನಲ್ಲಿ ಮಾತ್ರ, 1787ರಲ್ಲಿ, ದಾಸತ್ವವನ್ನು ನಿಲ್ಲಿಸಬೇಕೆಂಬ ಸಂಘಕ್ಕೆ ಅಧ್ಯಕ್ಷನಾದನು. ಬಕೀಟನ್ನು ನೀಡುವದು ಸುಲಭ. ನೆರೆಯವನನ್ನು ಸಮಾನನೆಂದು ಎಣಿಸುವದು ಕಷ್ಟ.

ಈ ಕಷ್ಟವು ನಮ್ಮ ಸೀಮೆಗೆ ಹೊಸದಲ್ಲ. 2014ರ ಆಗಸ್ಟಿನಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಲ್ಪಟ್ಟಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯವು ಆ ಪ್ರಕರಣದಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಆ ಬೆಂಕಿಯು ಹುಲ್ಲಿಗೆ ಹತ್ತುವದಕ್ಕೆ ಮುಂಚೆ ಮನಸ್ಸಿಗೆ ಹತ್ತಿತ್ತು. ಅದನ್ನು ಆರಿಸುವ ನೀರನ್ನು ಮುಂಚಿತವಾಗಿ ಯಾರೂ ತುಂಬಿಟ್ಟಿರಲಿಲ್ಲ.

ಬೆಂಕಿಯ ದಿನದಲ್ಲಿ ಕೊಡವು ಕೈಯಿಂದ ಕೈಗೆ ಹೋಗಬೇಕು. ಯಾವ ಕೇರಿಯವನ ಕೈ ಎಂದು ಕೇಳುತ್ತಾ ನಿಂತರೆ ಮನೆ ಉಳಿಯದು. ಹಾಗಾದರೆ ಮರುದಿನ ಅದೇ ಕೈಗೆ ಬಾವಿಯ ಹಗ್ಗವನ್ನು ಕೊಡದೆ ಇರುವದು ಯಾವ ನ್ಯಾಯ? ಆದದರಿಂದ ನೆರೆಯವನಿಗೆ ನಾವು ಸಲ್ಲಿಸುವದು ಉಪಕಾರವಲ್ಲ, ಋಣವೇ. ಅದು ಬೆಂಕಿಯ ದಿನದ ಋಣ ಮಾತ್ರವಲ್ಲ, ದಿನದಿನದ ಋಣ.

ಫ್ರಾಂಕ್ಲಿನನು ರಾಜರ ಬಳಿಗೆ ರಾಯಭಾರಿಯಾಗಿ ಹೋಗಿದ್ದರೂ, 1788ರ ತನ್ನ ಮರಣಪತ್ರದಲ್ಲಿ ತನ್ನನ್ನು ಮೊದಲು ಮುದ್ರಣಕಾರನೆಂದೇ ಬರೆದುಕೊಂಡನು, 1790ರಲ್ಲಿ ತೀರಿಹೋದನು. ನಮ್ಮಲ್ಲಿಯೂ ಕಮ್ಮಾರ, ಬಡಿಗ, ದರ್ಜಿ, ಅಂಗಡಿಕಾರರು ಇದ್ದಾರೆ. ತಾಲೂಕಿನ ಊರಿನಿಂದ ಅಗ್ನಿಶಾಮಕ ಬಂಡಿ ಬರುವ ತನಕ ಹಳ್ಳಿಗೆ ಇವರೇ ಆಸರೆ. ಬೇಸಿಗೆ ಬರುವದಕ್ಕೆ ಮುಂಚೆ ಕೇರಿಗೊಂದು ಏಣಿಯನ್ನೂ ಮನೆಗೆರಡು ತುಂಬಿದ ಕೊಡಗಳನ್ನೂ ಸಿದ್ಧಮಾಡೋಣ. ಅವು ಎಲ್ಲಾ ಕೇರಿಗಳಿಗೂ ಸಲ್ಲಲಿ.